ಬಾಗಿಲು ತೆರೆದಿರಲಿ

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು ದೀರ್ಘ ರಜೆ ಹಾಕಿ, ಪುಟ್ಟ ಮಕ್ಕಳ ವಿಶೇಷ ಶಿಕ್ಷಣದಲ್ಲಿ ಎಂ.ಎಡ್. ಓದುತ್ತೇನೆ ಎಂದು ಹೊರಟಾಗ ಮನೆಯಲ್ಲಿ ಮೊದಲು ನಕ್ಕವರು ಅವರ ತಾಯಿ. ಮೂಗು ಒರೆಸುವುದಕ್ಕೂ ಎರಡು ವರ್ಷ ಓದಬೇಕೇನೋ, ಹಾಗಾದರೆ ನಾಲ್ಕು ಮಕ್ಕಳ ಮೂಗು ಒರೆಸಿದ ನನಗೆ ಆ ಕಾಲೇಜಿನವರು ಯಾವ ಕುರ್ಚಿ ಕೊಡುತ್ತಾರೆ ಕೇಳಿಕೊಂಡು ಬಾ ಎಂದರು.

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ ನಗಲಿಲ್ಲ. ಅವಳಿಗೆ ಕಾರಣ ಗೊತ್ತಿತ್ತು. ಅವಳ ತಂಗಿಯ ಮಗ ಮೂರು ತುಂಬಿದರೂ ಮಾತಾಡದೆ, ಕರೆದರೆ ತಿರುಗದೆ ಇದ್ದಾಗ ಅವನನ್ನು ವಿಶೇಷ ಮಕ್ಕಳ ಕೇಂದ್ರಕ್ಕೆ ತರಬೇತಿಗೆ ಕರೆದುಕೊಂಡು ಹೋಗುತ್ತಿದ್ದವರು ಮೇಷ್ಟ್ರೇ. ಪಾಠದ ಕೋಣೆಯ ಗಾಜಿನ ಆಚೆ ಕೂತು ನೋಡುತ್ತಿದ್ದಾಗ ಒಂದು ದಿನ ಆ ಹುಡುಗ ಕಪಾಟಿನ ಮೇಲಿದ್ದ ಚೆಂಡಿನ ಕಡೆ ಬೆರಳು ಚಾಚಿ, ಹಾಗೇ ತಿರುಗಿ ಟೀಚರ್ ಮುಖ ನೋಡಿದ. ಅಷ್ಟೇ. ಆ ಒಂದು ಬೆರಳಿಗಾಗಿ ಟೀಚರ್ ತಿಂಗಳುಗಟ್ಟಲೆ ದುಡಿದಿದ್ದಳು. ಮೇಷ್ಟ್ರು ಅಂದು ಊಟಕ್ಕೆ ಕೂತಾಗ, ಇಷ್ಟು ವರ್ಷ ಬೀಜಗಣಿತ ಹೇಳಿಕೊಟ್ಟೆ, ಇಂಥ ಗಳಿಗೆ ನನಗೆ ಒಂದು ಸಲವೂ ಸಿಗಲಿಲ್ಲ ಅಂದಿದ್ದರು.

ಕಾಲೇಜಿನ ಆ ತರಗತಿಯಲ್ಲಿ ಗಂಡಸು ಅವರೊಬ್ಬರೇ. ಉಳಿದವರೆಲ್ಲ ಹೆಣ್ಣುಮಕ್ಕಳು, ಹೆಚ್ಚಿನವರು ಅವರಿಗಿಂತ ಹತ್ತು ವರ್ಷ ಚಿಕ್ಕವರು. ಮೇಷ್ಟ್ರು ನಮ್ಮ ಕ್ಲಾಸಿನ ಗಂಡುದಿಕ್ಕು ಎಂದು ಹುಡುಗಿಯರು ತಮಾಷೆ ಮಾಡುತ್ತಿದ್ದರು. ಎತ್ತರದ ಬೀರುವಿನಿಂದ ಏನಾದರೂ ಇಳಿಸಬೇಕಾದರೆ, ಕೆಟ್ಟ ಫ್ಯಾನು ತಿರುಗಿಸಬೇಕಾದರೆ ಅವರನ್ನು ಕರೆಯುತ್ತಿದ್ದರು. ಅದೆಲ್ಲ ಅವರಿಗೆ ಹಿತವಾಗಿಯೇ ಇತ್ತು. ಆದರೆ ಮಕ್ಕಳ ಸುರಕ್ಷತೆಯ ಪಾಠ ನಡೆದ ದಿನ ಅವರ ಒಳಗೆ ಏನೋ ಅಲುಗಾಡಿತು. ಮಾತು ಬಾರದ ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡಿದರೆ ಅದು ಹೇಗೆ ಗೊತ್ತಾಗುತ್ತದೆ ಎಂದು ಅವರ ಓದಿಗೆ ಮಾರ್ಗದರ್ಶಿಯಾಗಿದ್ದ ಗೈಡ್ ಮೇಡಂ ಹೇಳುತ್ತಿದ್ದರು: ಮಗು ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡರೆ ಬೆಚ್ಚುತ್ತದೆ, ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಯಾರೂ ಮೇಷ್ಟ್ರ ಕಡೆ ನೋಡಲಿಲ್ಲ. ಯಾರೂ ನೋಡುತ್ತಿಲ್ಲ ಎಂಬುದೇ ಅವರಿಗೆ ಎದ್ದು ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರೂ, ಮನೆಗೆ ಹೋಗುವವರೆಗೆ ಹೆಗಲಿನ ಮೇಲೆ ಆ ಕಾಣದ ಭಾರ ಹಾಗೇ ಕೂತಿತ್ತು.

ಎರಡನೇ ವರ್ಷ ಪ್ರಾಯೋಗಿಕ ತರಬೇತಿ. ಅವರಿಗೆ ಸಿಕ್ಕ ಕೇಂದ್ರ ಪೇಂಟ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಟರ್ಪೆಂಟೈನ್ ವಾಸನೆ, ಬಾಗಿಲು ದಾಟಿದರೆ ಫಿನಾಯಿಲ್ ವಾಸನೆ. ಒಳಗೆ ಮೊಣಕಾಲೆತ್ತರದ ಮೇಜುಗಳು, ಸೂರಿನ ಕೊಕ್ಕೆಯಿಂದ ಇಳಿಬಿಟ್ಟ ಬಟ್ಟೆಯ ಉಯ್ಯಾಲೆ, ಮರಳಿನ ತಟ್ಟೆ, ಗೋಡೆಯ ಮೇಲೆ ಒಂದರ ಕೆಳಗೊಂದು ಚಿತ್ರಗಳು: ಚಪ್ಪಲಿ ಬಿಡು, ಚೀಲ ತೂಗುಹಾಕು, ಕೈ ತೊಳೆ, ಕೂರು. ದೊಡ್ಡ ಕೋಣೆಯ ಪಕ್ಕದಲ್ಲಿ ಒಂದೇ ಮಗುವಿನ ಜೊತೆ ಕೂತು ಪಾಠ ಮಾಡುವ ಚಿಕ್ಕ ಕೋಣೆ.

ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲದ ಹೆಂಗಸು. ಮೊದಲ ದಿನವೇ ಮೇಷ್ಟ್ರನ್ನು ಆ ಚಿಕ್ಕ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲಿನ ಬುಡಕ್ಕೆ ಮರದ ತುಂಡೊಂದನ್ನು ಕಾಲಿನಿಂದಲೇ ಒತ್ತಿ ತೋರಿಸಿದರು.

"ಬಾಗಿಲು ಯಾವಾಗ್ಲೂ ತೆರೆದಿರಲಿ. ಬಾತ್‌ರೂಮಿಗೆ ಆಯಾ ಕರ್ಕೊಂಡು ಹೋಗ್ತಾಳೆ, ನೀವಲ್ಲ. ಮಗು ತಾನಾಗೇ ತೊಡೆ ಹತ್ತಿದ್ರೆ ಮೆಲ್ಲಗೆ ಇಳಿಸಿ. ಅನುಮಾನ ಅಂತ ತಿಳ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಗೊತ್ತು ಮೇಡಂ ಎಂದರು ಮೇಷ್ಟ್ರು. ನಿಜವಾಗಿ ಅವರಿಗೆ ಸಮಾಧಾನವೇ ಆಯಿತು. ನಿಯಮ ಇದ್ದರೆ ಅದರ ಹಿಂದೆ ನಿಲ್ಲಬಹುದು. ಅಂದಿನಿಂದ ಅವರು ಮಕ್ಕಳ ಹತ್ತಿರ ಹೋಗುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಮಕ್ಕಳು ಅದನ್ನೇ ಅನುಕರಿಸಿ, ಕೈ ಕಟ್ಟಿಕೊಂಡು ಅವರ ಹಿಂದೆ ಹಿಂದೆ ನಡೆಯುತ್ತಿದ್ದರು. ಆಯಾ ಅದನ್ನು ನೋಡಿ ಇನ್‌ಸ್ಪೆಕ್ಟರ್ ಮೆರವಣಿಗೆ ಎನ್ನುತ್ತಿದ್ದಳು.

ಅವರಿಗೆ ಒಪ್ಪಿಸಿದ ಮಕ್ಕಳಲ್ಲಿ ನಾಲ್ಕು ವರ್ಷದ ಒಬ್ಬಳು ಹುಡುಗಿ ಇದ್ದಳು. ಮಾತಿಲ್ಲ, ಆದರೆ ತುಟಿ ಮುಚ್ಚಿ ದಿನವಿಡೀ ಗುಂಯ್ ಎಂದು ಗುನುಗುತ್ತಿದ್ದಳು. ಹಾಗಾಗಿ ಅವಳು ಎಲ್ಲರಿಗೂ ದುಂಬಿ. ದುಂಬಿ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ತಲೆ ಬಾಚಲು ಅಪ್ಪ ಅಮ್ಮ ಇಬ್ಬರೂ ಬೇಕು, ಹಲ್ಲುಜ್ಜುವುದೆಂದರೆ ಯುದ್ಧ ಎಂದು ಅವಳ ಅಮ್ಮ ಹೇಳಿದ್ದಳು. ಅವಳಿಗೆ ಇಷ್ಟವಿದ್ದದ್ದು ಒಂದೇ, ಸೋಪಿನ ಗುಳ್ಳೆ. ಮೇಷ್ಟ್ರು ಗುಳ್ಳೆ ಊದಿ, ನಿಲ್ಲಿಸಿ, ಕಾಯುತ್ತಿದ್ದರು. ಅವಳು ಕೇಳುವವರೆಗೆ ಕಾಯುವುದೇ ಪಾಠ. ಮೊದಮೊದಲು ಅವಳು ಬರೀ ಗೋಡೆ ನೋಡುತ್ತಿದ್ದಳು. ಆಮೇಲೆ ಬಾಟಲಿ ನೋಡಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬಾಟಲಿ ನೋಡಿ, ಮೇಷ್ಟ್ರ ಮುಖ ನೋಡಿ, ಅವರ ಮುಂಗೈಯನ್ನು ಒಂದು ಬೆರಳಿನಿಂದ ತಟ್ಟತೊಡಗಿದಳು. ಅಂದು ಸಂಜೆ ಮೇಷ್ಟ್ರು ದಾರಿಯಲ್ಲಿ ಮಗಳಿಗೆ ಪೆನ್ಸಿಲ್ ಕೊಳ್ಳುವುದನ್ನೇ ಮರೆತು ನಡೆದುಬಿಟ್ಟಿದ್ದರು.

ಮುಂದಿನ ಹೆಜ್ಜೆ ಅವಳೇ ಊದುವುದು. ಮೇಷ್ಟ್ರು ಬಾಯಿ ತೆರೆದು ಜೋರಾಗಿ ಉಸಿರೆಳೆದು ತೋರಿಸುತ್ತಿದ್ದರು, ಆಮೇಲೆ ಫೂ. ದುಂಬಿ ನೋಡಿ ನೋಡಿ ಕೊನೆಗೆ ತಾನೂ ಬಾಯಿ ತೆರೆದು ಉಸಿರೆಳೆದಳು. ದೊಡ್ಡ ಟೀಚರ್ ಬಾಗಿಲಲ್ಲಿ ನಿಂತು ನೋಡಿ, ಭೇಷ್ ಎಂದು ತಲೆಯಾಡಿಸಿ ಹೋದರು.

ಅದಾದ ಮೇಲಿನ ಸೋಮವಾರ ದುಂಬಿ ಮೆಟ್ಟಿಲು ಹತ್ತಿ ಬಂದು, ಮೇಷ್ಟ್ರನ್ನು ಕಂಡಕೂಡಲೇ ಕಿರುಚಿದಳು.

ಹಟದ ಅಳು ಹೇಗಿರುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇದು ಅದಲ್ಲ. ಅವಳು ಅಮ್ಮನ ಸೀರೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿದಳು; ಮುಷ್ಟಿಯಿಂದ ತನ್ನ ದವಡೆಗೇ ಹೊಡೆದುಕೊಂಡಳು. ಕೋಣೆಯಲ್ಲಿದ್ದ ಇತರ ಮಕ್ಕಳು ಕಿವಿ ಮುಚ್ಚಿಕೊಂಡವು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತರು. ದೊಡ್ಡ ಟೀಚರ್ ದುಂಬಿಯನ್ನು ಇನ್ನೊಂದು ಮೂಲೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೂಗು ಇಳಿಯಿತು. ಮೇಷ್ಟ್ರು ನೀರು ಕುಡಿಯಲೆಂದು ಆ ಕಡೆ ಎರಡು ಹೆಜ್ಜೆ ಇಟ್ಟದ್ದೇ ತಡ, ಮತ್ತೆ ಶುರು.

ಮರುದಿನವೂ ಹಾಗೇ. ಅದರ ಮರುದಿನವೂ. ಈಗ ಗುನುಗು ಪೂರ್ತಿ ನಿಂತಿತ್ತು. ಊಟದ ಡಬ್ಬಿ ತೆರೆದದ್ದು ಹಾಗೇ ಮುಚ್ಚಿ ಮನೆಗೆ ಹೋಗುತ್ತಿತ್ತು. ಮಗು ಬೆಚ್ಚಿ ಏಳುತ್ತದೆ, ಮನೆಯಲ್ಲೂ ಸೋಪಿನ ಗುಳ್ಳೆಯ ಬಾಟಲಿ ಕಂಡರೆ ಓಡಿಹೋಗುತ್ತದೆ ಎಂದು ಅವಳ ಅಮ್ಮ ಆಯಾಳ ಹತ್ತಿರ ಹೇಳಿದಳಂತೆ. ಆಯಾ ಅದನ್ನು ದೊಡ್ಡ ಟೀಚರ್‌ಗೆ ಹೇಳುವಾಗ ಮೇಷ್ಟ್ರು ಪಕ್ಕದಲ್ಲೇ ಮರಳು ಗುಡಿಸುತ್ತಿದ್ದರು. ಗೈಡ್ ಮೇಡಂ ಪಾಠದಲ್ಲಿ ಹೇಳಿದ್ದ ಮಾತುಗಳು ಒಂದೊಂದೇ, ಅದೇ ಕ್ರಮದಲ್ಲಿ, ಆಯಾಳ ಬಾಯಿಂದ ಬರುತ್ತಿದ್ದವು. ಅವರು ತಲೆ ಎತ್ತದೆ ಇನ್ನೂ ಜೋರಾಗಿ ಗುಡಿಸಿದರು.

ಶುಕ್ರವಾರ ದುಂಬಿಯ ದವಡೆಯ ಹತ್ತಿರ ಕೆನ್ನೆ ನೀಲಿಗಟ್ಟಿತ್ತು. ಅವಳೇ ಹೊಡೆದುಕೊಂಡದ್ದು ಎಂದು ಕೋಣೆಯಲ್ಲಿದ್ದವರಿಗೆ ಗೊತ್ತು. ಆದರೆ ಮಗು ಯಾಕೆ ಹಾಗೆ ಹೊಡೆದುಕೊಳ್ಳುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ.

ಅಂದು ಮಧ್ಯಾಹ್ನ ದೊಡ್ಡ ಟೀಚರ್ ಅವರನ್ನು ಕರೆದು, ದುಂಬಿಯ ಅಪ್ಪ ಫೋನ್ ಮಾಡಿದ್ದರು ಎಂದರು. ಅವರ ಪ್ರಶ್ನೆ ಒಂದೇ: ಚಿಕ್ಕ ಕೋಣೆಯಲ್ಲಿ ಆ ಗಂಡಸು ನನ್ನ ಮಗಳಿಗೆ ಏನು ಮಾಡಿದ? ಕ್ಯಾಮೆರಾ ಇದ್ದದ್ದು ಕೆಳಗಿನ ಗೇಟಿನಲ್ಲಿ ಮಾತ್ರ. ಬಾಗಿಲು ತೆರೆದಿತ್ತು ಎಂದು ಹೇಳಬಹುದು. ತೆರೆದ ಬಾಗಿಲಿನಲ್ಲಿ ಪ್ರತಿ ನಿಮಿಷವೂ ಯಾರೋ ಒಬ್ಬರು ನಿಂತಿದ್ದರು ಎಂದು ಹೇಳಲಾಗುವುದಿಲ್ಲ. ಕಾಲೇಜಿಗೆ ತಿಳಿಸಲೇಬೇಕಿತ್ತು, ತಿಳಿಸಿದ್ದೇನೆ. ಬುಧವಾರ ಎಲ್ಲರೂ ಕೂತು ಮಾತಾಡೋಣ, ಅಲ್ಲಿಯವರೆಗೆ ನೀವು ಬರಬೇಡಿ ಎಂದರು. ಅವರ ದನಿ ಎಂದಿನಂತೆ ತಣ್ಣಗೇ ಇತ್ತು. ಆದರೆ ಮಾತಾಡುವಾಗ ಅವರು ಮೇಷ್ಟ್ರ ಮುಖವನ್ನಲ್ಲ, ಕೈಗಳನ್ನು ನೋಡುತ್ತಿದ್ದರು.

ಮೇಷ್ಟ್ರು ಮನೆಗೆ ನಡೆದೇ ಹೋದರು. ದಾರಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಎದುರಾದವು. ಒಂದು ಹುಡುಗಿ ಎಡವಿ ಅವರ ಕಾಲ ಬುಡದಲ್ಲೇ ಬಿದ್ದಳು. ಬೇರೆ ದಿನವಾಗಿದ್ದರೆ ಎತ್ತಿ ನಿಲ್ಲಿಸಿ, ಮಂಡಿ ನೋಡಿ, ಏನೂ ಆಗಿಲ್ಲ ಹೋಗು ಮರಿ ಎನ್ನುತ್ತಿದ್ದರು. ಇಂದು ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗಿ ತಾನೇ ಎದ್ದು ಹೋದಳು. ಎದುರಿನ ಅಂಗಡಿಯವನು ತಮ್ಮನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಅವನು ನೋಡುತ್ತಿದ್ದದ್ದು ಬಸ್ಸನ್ನೋ ಏನೋ.

ಆ ದಿನಗಳಲ್ಲಿ ಹೆದರಿಕೆ ಮನೆಯೊಳಗೂ ಬಂತು. ಎಂಟು ವರ್ಷದ ಮಗಳು ಎಂದಿನಂತೆ ಓಡಿಬಂದು ಕುತ್ತಿಗೆಗೆ ಜೋತುಬಿದ್ದರೆ, ಅವರ ಎರಡೂ ಕೈ ಗಾಳಿಯಲ್ಲೇ ನಿಂತುಬಿಡುತ್ತಿದ್ದವು. ಮಗಳು ಅಪ್ಪನಿಗೆ ಸಿಟ್ಟು ಬಂದಿದೆ ಎಂದುಕೊಂಡು ಅಜ್ಜಿಯ ಹತ್ತಿರ ಹೋಗುತ್ತಿದ್ದಳು. ಗೇಟಿನ ಚಿಲಕ ಸದ್ದಾದರೆ ಪೊಲೀಸರೇ ಬಂದರು ಎಂದು ಕಿಟಕಿಯ ಬಳಿ ಹೋಗಿ ಇಣುಕುತ್ತಿದ್ದರು, ಬಂದವನು ಹಾಲಿನವನಾಗಿರುತ್ತಿದ್ದ. ಕಣ್ಣು ಮುಚ್ಚಿ ಆ ಚಿಕ್ಕ ಕೋಣೆಯ ಒಂದೊಂದು ಪಾಠವನ್ನೂ ನೆನಪಿಸಿಕೊಂಡರು. ಅವಳ ಮುಂಗೈ ಬಿಗಿಯಾಗಿ ಹಿಡಿದಿದ್ದೆನೇ? ಇಲ್ಲ. ಹಿಡಿದೇ ಇರಲಿಲ್ಲವೇ? ಗುಳ್ಳೆಯ ಕಡ್ಡಿಯನ್ನು ಅವಳ ಕೈಗೆ ಕೊಡುವಾಗ ಬೆರಳು ಮುಚ್ಚಿಸಿದ್ದೆ. ಎಷ್ಟು ಬಿಗಿಯಾಗಿ? ಕೇಳುತ್ತಾ ಕೇಳುತ್ತಾ ಹಗ್ಗವೆಲ್ಲ ಹಾವಾಯಿತು. ತಾವು ಮಾಡದೇ ಇದ್ದದ್ದು ಯಾವುದು, ಮಾಡಿ ಮರೆತದ್ದು ಯಾವುದು ಎಂಬುದೇ ಕಲಸಿಹೋಗುವಂತಾಯಿತು. ಮಗು ಸುಳ್ಳು ಹೇಳುವುದಿಲ್ಲವಲ್ಲ, ಅದಕ್ಕೆ ಮಾತೇ ಇಲ್ಲವಲ್ಲ, ಎಂಬ ಯೋಚನೆ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಭಾನುವಾರ ಮಧ್ಯಾಹ್ನ ತಾಯಿ ಮೊಮ್ಮಗಳನ್ನು ಕರೆದುಕೊಂಡು ಹೊರಗೆ ಹೋದಾಗ ಹೆಂಡತಿ ಅಡುಗೆಮನೆಯ ಕೆಲಸ ಬಿಟ್ಟು ಬಂದು ಅವರ ಎದುರು ಕೂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

"ನಾನೊಂದು ಕೇಳ್ತೀನಿ. ಒಂದೇ ಸಲ ಕೇಳ್ತೀನಿ, ಆಮೇಲೆ ಯಾವತ್ತೂ ಕೇಳಲ್ಲ."

"ಕೇಳು."

"ಏನಾದ್ರೂ ಆಗಿದ್ಯಾ ಅಲ್ಲಿ?"

"ಇಲ್ಲ."

ಅವಳು ಅವರ ಮುಖವನ್ನು ನೋಡುತ್ತಲೇ ಇದ್ದಳು. ಕೌಂಟರಿನಲ್ಲಿ ಕೂತು ಜನರ ಸಹಿ ಹೊಂದಿಸಿ ನೋಡಿದ ಕಣ್ಣು ಅದು. ಆಮೇಲೆ, ಆಯ್ತು, ಊಟಕ್ಕೆ ಬನ್ನಿ ಎಂದು ಎದ್ದಳು. ಅವಳು ನಂಬಿದಳು ಎಂಬುದು ಮೇಷ್ಟ್ರಿಗೆ ಗೊತ್ತಾಯಿತು. ಅವಳಿಗೂ ಕೇಳಬೇಕು ಅನ್ನಿಸಿತಲ್ಲ ಎಂಬುದೂ ಗೊತ್ತಾಯಿತು. ಎರಡನ್ನೂ ಒಟ್ಟಿಗೇ ನುಂಗಿಕೊಂಡು ಅವರು ಊಟಕ್ಕೆ ಕೂತರು.

ಬುಧವಾರ ಬೆಳಗ್ಗೆ ಮೆಟ್ಟಿಲು ಹತ್ತುವಾಗ ಅವರು ಕಂಬಿ ಹಿಡಿದು ಎರಡು ಸಲ ನಿಂತರು. ಓದು ಬಿಟ್ಟುಬಿಡುತ್ತೇನೆ ಎಂದು ತಾವೇ ಹೇಳಿಬಿಟ್ಟರೆ ಮಾತು ಇಲ್ಲಿಗೇ ಮುಗಿಯಬಹುದು ಎಂದು ಮನಸ್ಸು ಆಸೆ ತೋರಿಸುತ್ತಿತ್ತು. ಆದರೆ ಬಿಟ್ಟು ಹೋದರೆ ತಪ್ಪು ಒಪ್ಪಿಕೊಂಡ ಹಾಗೆ. ಇದ್ದರೂ ಕಷ್ಟ, ಹೋದರೂ ಕಷ್ಟ.

ದೊಡ್ಡ ಕೋಣೆಯಲ್ಲಿ ಅಂದು ಮಕ್ಕಳಿರಲಿಲ್ಲ. ಮಕ್ಕಳ ಕುಳ್ಳ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು: ದೊಡ್ಡ ಟೀಚರ್, ಗೈಡ್ ಮೇಡಂ, ದುಂಬಿಯ ಅಪ್ಪ, ಅಮ್ಮ. ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲವಾದ್ದರಿಂದ ದುಂಬಿಯೂ ಬಂದಿದ್ದಳು. ಅಮ್ಮನ ಹೆಗಲ ಮೇಲೆ ಮುಖವಿಟ್ಟು ಮಲಗಿದ್ದಳು. ಅಪ್ಪ ಲಾರಿ ರಿಪೇರಿಯವನು. ಉಗುರಿನ ಸಂದಿಯಲ್ಲಿ ಗ್ರೀಸು, ಆದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಬಯ್ಯುತ್ತಾನೆ, ಕೂಗುತ್ತಾನೆ ಎಂದು ಮೇಷ್ಟ್ರು ಅಂದುಕೊಂಡಿದ್ದರು. ಅವನು ಮೆಲ್ಲಗೆ ಮಾತಾಡಿದ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

"ನನ್ ಮಗಳಿಗೆ ಹೇಳೋಕೆ ಬರಲ್ಲ. ಅದಕ್ಕೆ ನಾನು ಕೇಳ್ತಿದ್ದೀನಿ. ಏನ್ ಮಾಡಿದ್ರಿ ಸರ್?"

ಮೇಷ್ಟ್ರು ಗುಳ್ಳೆಯ ಪಾಠವನ್ನು ವಿವರಿಸಿದರು. ಬಾಗಿಲ ವಿಷಯ ಹೇಳಿದರು. ತಮ್ಮ ಮಾತು ತಮಗೇ ಉರು ಹೊಡೆದು ಬಂದವನ ಮಾತಿನಂತೆ ಕೇಳಿಸಿತು. ಗೈಡ್ ಮೇಡಂ ನಡುನಡುವೆ ಏನೋ ಕೇಳಿದರು, ಇವರು ಉತ್ತರ ಹೇಳಿದರು. ಇವರ ದನಿಗೆ ದುಂಬಿ ಎಚ್ಚರಾದಳು. ತಲೆ ಎತ್ತಿ, ಇವರನ್ನು ನೋಡಿ, ಬಾಯಿ ಅಗಲಿಸಿ ಕಿರುಚಿದಳು.

ನೋಡಿ, ಎಂದ ಅಪ್ಪ. ಅಷ್ಟೇ. ನೋಡಿ.

ಅಮ್ಮ ಎದ್ದು ಅವಳ ಬೆನ್ನು ತಟ್ಟುತ್ತಾ ಅತ್ತಿಂದಿತ್ತ ಓಡಾಡಿದಳು. ದೊಡ್ಡ ಟೀಚರ್ ನೀರು ತಂದರು. ದುಂಬಿ ಲೋಟವನ್ನು ತಳ್ಳಿದಳು. ಆದರೂ ಒಂದು ಗುಟುಕು ಒಳಗೆ ಹೋದದ್ದೇ ತಡ, ಕೂಗು ಇನ್ನೂ ತಾರಕಕ್ಕೇರಿತು. ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ ದವಡೆಗೆ ಗುದ್ದಿಕೊಂಡಳು. ಮೇಷ್ಟ್ರು ಅಷ್ಟು ದಿನ, ಆ ಕೂಗು ಶುರುವಾದಾಗಲೆಲ್ಲ, ನೆಲ ನೋಡುತ್ತಿದ್ದರು. ಅವಳ ಕಡೆ ನೋಡಿದರೂ ತಪ್ಪಾದೀತು ಎಂದು ನೋಡುತ್ತಿರಲಿಲ್ಲ. ಇಂದು ಯಾಕೋ ನೋಡಿದರು. ಬಹುಶಃ ಇನ್ನು ಕಳೆದುಕೊಳ್ಳುವುದು ಏನೂ ಉಳಿದಿಲ್ಲ ಅನ್ನಿಸಿದ್ದರಿಂದ. ನೀರು. ಒಂದೇ ಪಕ್ಕ. ಇವರನ್ನು ನೋಡಿಯೇ ಅತ್ತಳು, ನಿಜ. ಆದರೆ ನೀರಿಗೆ ಯಾಕೆ ಇನ್ನಷ್ಟು ಅತ್ತಳು?

ಹಲ್ಲು, ಎಂದು ಮನಸ್ಸಿನಲ್ಲಿ ಬಂದ ಕೂಡಲೇ ಅದರ ಹಿಂದೆಯೇ ಹೆದರಿಕೆಯೂ ಬಂತು. ಈಗ ಇದನ್ನು ಹೇಳಿದರೆ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾನೆ ಅನ್ನುತ್ತಾರೆ. ಏನೂ ಇಲ್ಲದೇ ಹೋದರೆ ಕಥೆ ಮುಗಿಯಿತು. ಹೇಳದೆ ಕೂತರೆ? ಕೂತರೆ ತಮಗೆ ಕ್ಷೇಮವೋ ಅಲ್ಲವೋ ಗೊತ್ತಿಲ್ಲ, ಮಗುವಿಗಂತೂ ಅಲ್ಲ.

"ಅವಳ ಬಾಯೊಳಗೆ ಒಂದ್ಸಲ ನೋಡಿ," ಎಂದರು.

"ಮಾತು ತಿರುಗಿಸ್ಬೇಡಿ," ಎಂದ ಅಪ್ಪ.

ಬಾಯಿ ಮುಟ್ಟಕ್ಕೆ ಬಿಡಲ್ಲ ಸರ್ ಅವಳು, ನಿಮಗೇ ಗೊತ್ತಲ್ಲ, ಎಂದಳು ಅಮ್ಮ, ಅಳುವ ದನಿಯಲ್ಲಿ.

ಮುಟ್ಟುವುದು ಬೇಕಿರಲಿಲ್ಲ. ಬಾಯಿ ತೆರೆದೇ ಇತ್ತು. ಹತ್ತು ದಿನದಿಂದ ಅದು ತೆರೆದೇ ಇತ್ತು. ಎಲ್ಲರೂ ಅವಳನ್ನು ಸುಮ್ಮನಾಗಿಸಲು ನೋಡಿದರೇ ಹೊರತು ಆ ಬಾಯಿಯೊಳಗೆ ಯಾರೂ ನೋಡಲಿಲ್ಲ. ಮೇಷ್ಟ್ರು ಎದ್ದರು. ಕುಳ್ಳ ಕುರ್ಚಿ ಹಿಂದಕ್ಕೆ ಉರುಳಿತು. ಯಾರನ್ನೂ ಕೇಳದೆ ಕೋಣೆ ದಾಟಿ, ಅಮ್ಮನ ಎದುರು ನಿಂತು, ಮಗುವಿನ ಮುಖದ ಹತ್ತಿರ ಬಗ್ಗಿದರು. ಅಷ್ಟರಲ್ಲಿ ಅಪ್ಪನ ಕೈ ಅವರ ಅಂಗಿಯ ಕಾಲರನ್ನು ಹಿಂದಿನಿಂದ ಹಿಡಿಯಿತು. ಮೇಲಿನ ಗುಂಡಿ ಗಂಟಲಿಗೆ ಒತ್ತಿ ಉಸಿರು ಸಿಕ್ಕಿಕೊಂಡಿತು. ಕೂಗು ನೇರ ಅವರ ಮುಖಕ್ಕೇ ಬಡಿಯುತ್ತಿತ್ತು. ಕೆಟ್ಟ ವಾಸನೆಯೊಂದು ಬಂತು. ಕೆಳಗಿನ ಸಾಲಿನ ಕೊನೆಯ ಹಲ್ಲು ಕಪ್ಪಗೆ ಕುಳಿಬಿದ್ದಿತ್ತು, ಅದರ ಪಕ್ಕದ ಒಸಡು ಕೆಂಪಗೆ ಊದಿ, ಮಧ್ಯದಲ್ಲಿ ಬಿಳಿಯ ಕೀವಿನ ಗುಳ್ಳೆ.

"ಬಿಡಬೇಡಿ, ಹಿಡ್ಕೊಂಡೇ ಇರಿ," ಎಂದರು ಮೇಷ್ಟ್ರು ಕಟ್ಟಿದ ಗಂಟಲಿನಲ್ಲಿ. "ಆದ್ರೆ ನೀವೂ ಬಗ್ಗಿ ನೋಡಿ."

ಅವನು ಕಾಲರು ಬಿಡದೆಯೇ ಬಗ್ಗಿ ನೋಡಿದ. ಆಮೇಲೆ ಅವನ ಕೈ ಸಡಿಲವಾಯಿತು. ಅವನು ಹೆಂಡತಿಯ ತೋಳಿನಿಂದ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಹೆಂಡತಿ ಚಪ್ಪಲಿ ಹುಡುಕಿ ಹಾಕಿಕೊಂಡು ಹಿಂದೆ ಓಡಿದಳು.

ದಂತವೈದ್ಯರು ಅಂದೇ ಆಸ್ಪತ್ರೆಗೆ ಕಳಿಸಿದರು. ಮಗುವಿಗೆ ಮಂಪರಿನ ಮದ್ದು ಕೊಟ್ಟು ಹಲ್ಲು ಕಿತ್ತು ಕೀವು ತೆಗೆದರು. ಇನ್ನು ತಡವಾಗಿದ್ದರೆ ಸೋಂಕು ಕುತ್ತಿಗೆಗೆ ಇಳಿಯುತ್ತಿತ್ತು ಎಂದರಂತೆ. ಗಾಳಿ ತಾಗಿದರೂ ಚಳಕು ಹೊಡೆಯುವ ಹಲ್ಲು ಅದು. ಬಾಯಿ ತೆರೆದು ಉಸಿರೆಳೆದಾಗಲೆಲ್ಲ ಜೀವ ಹೋಗುವಷ್ಟು ನೋವಾಗಿರಬೇಕು ಎಂದೂ ಹೇಳಿದರಂತೆ. ಇದನ್ನೆಲ್ಲ ದೊಡ್ಡ ಟೀಚರ್ ಫೋನಿನಲ್ಲಿ ಹೇಳುತ್ತಿದ್ದಾಗ ಮೇಷ್ಟ್ರು ಕೂತಲ್ಲೇ ಗೋಡೆಗೆ ಒರಗಿದರು. ಅಂದರೆ ಅವಳು ಸುಳ್ಳೇ ಹೆದರಿರಲಿಲ್ಲ. ಉಸಿರೆಳೆ ಎಂದು ಕಲಿಸಿದವರು ಅವರೇ. ಅವರನ್ನು ಕಂಡರೆ ನೋವು ಎಂದು ಅವಳು ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪಿರಲಿಲ್ಲ.

ಹೆಂಡತಿ ವಿಷಯ ಕೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದಾಗ ಮುಖ ತೊಳೆದಿದ್ದಳು. ತಾಯಿಗೆ ಅಷ್ಟು ದಿನ ಏನೂ ಹೇಳಿರಲಿಲ್ಲ. ಈಗ ಎಲ್ಲವನ್ನೂ ಕೇಳಿದ ಮೇಲೆ ಮುದುಕಿ, ನಾಳೆಯಿಂದ ಹೋಗ್ತೀಯೇನೋ ಎಂದು ಕೇಳಿದರು. ಹೋಗುತ್ತೇನೆ ಎಂದರು ಮೇಷ್ಟ್ರು. ಮೂಗು ಒರೆಸುವ ತಮಾಷೆಯನ್ನು ತಾಯಿ ಮತ್ತೆ ಆಡಲಿಲ್ಲ.

ಹೋದರು, ಆದರೆ ಎಲ್ಲವೂ ಮೊದಲಿನಂತಾಗಲಿಲ್ಲ. ಕಾಲೇಜು ವಿಚಾರಣೆ ಮುಗಿಸಿತು. ಗೈಡ್ ಮೇಡಂ ಕೈ ಮುಗಿದು, ನಾವು ಕೇಳಲೇಬೇಕಿತ್ತು ಅಂದರು, ಹೌದು ಅಂದರು ಇವರು. ಇನ್ನೊಂದು ಮಗುವಿನ ತಾಯಿ ಕಾರಣ ಹೇಳದೆ ತನ್ನ ಮಗಳನ್ನು ಮೇಷ್ಟ್ರ ಗುಂಪಿನಿಂದ ಬದಲಾಯಿಸಿಕೊಂಡಳು. ಯಾರೂ ಅವಳನ್ನು ತಡೆಯಲಿಲ್ಲ. ಸುದ್ದಿ ಒಂದು ಸಲ ಹೊರಟರೆ ಅದಕ್ಕೆ ಕಾಲಿರುತ್ತದೆ, ಅದು ಸುಳ್ಳಾಯಿತು ಎಂಬುದು ತೆವಳಿಕೊಂಡು ಹಿಂದೆ ಬರುತ್ತದೆ.

ದುಂಬಿ ಮರಳಿ ಬಂದಳು. ಹಲ್ಲು ಹೋಗಿತ್ತು, ಭಯ ಹೋಗಿರಲಿಲ್ಲ. ಮೇಷ್ಟ್ರನ್ನು ಕಂಡರೆ ಇನ್ನೂ ಅಮ್ಮನ ಹಿಂದೆ ಅಡಗುತ್ತಿದ್ದಳು. ಗುಳ್ಳೆಯ ಬಾಟಲಿಯನ್ನು ಅವರು ಮತ್ತೆ ಹೊರಗೆ ತೆಗೆಯಲೇ ಇಲ್ಲ. ಕೋಣೆಯ ಇನ್ನೊಂದು ತುದಿಯಲ್ಲಿ ನೆಲಕ್ಕೆ ಕೂತು, ಅವಳ ಕಡೆ ನೋಡದೆ, ಮರಳಿನಲ್ಲಿ ಆಡುತ್ತಿದ್ದರು. ಅವಳು ಬಾರದಿದ್ದರೆ ಬೇಡ. ಎಷ್ಟೋ ವಾರಗಳ ಮೇಲೆ ಒಂದು ದಿನ ಅವಳು ಮರಳಿನ ತಟ್ಟೆಯ ಆಚೆ ಬದಿಗೆ ಬಂದು ಕೂತಳು. ತಟ್ಟೆ ದಾಟಿ ಈಚೆ ಬರಲಿಲ್ಲ. ಅವರ ತರಬೇತಿ ಮುಗಿಯುವವರೆಗೂ ಬರಲಿಲ್ಲ. ವರದಿಯಲ್ಲಿ ಗೈಡ್ ಮೇಡಂ ಅದನ್ನು ಪ್ರಗತಿ ಎಂದು ಬರೆಯಿರಿ ಅಂದರು. ಆಚೆ ಬದಿಗೆ ಬಂದು ಕೂತಳು ಎಂದಷ್ಟೇ ಮೇಷ್ಟ್ರು ಬರೆದರು.

ಪದವಿ ಬಂತು. ಅದೇ ಕೇಂದ್ರದಲ್ಲಿ ದೊಡ್ಡ ಟೀಚರ್ ಅವರಿಗೆ ಕೆಲಸ ಕೊಟ್ಟರು. ಹೈಸ್ಕೂಲಿಗೆ ರಾಜೀನಾಮೆ ಕಳಿಸಿದ ವಾರದಲ್ಲೇ, ಒಂದು ಬೆಳಗ್ಗೆ, ಮೆಟ್ಟಿಲ ಬುಡದಲ್ಲಿ ದುಂಬಿಯ ಅಪ್ಪ ಸಿಕ್ಕ. ಮಗಳನ್ನು ಮೇಲೆ ಬಿಟ್ಟು ಇಳಿದು ಬರುತ್ತಿದ್ದ. ಅಷ್ಟು ತಿಂಗಳು ಅವರಿಬ್ಬರು ಒಂದು ಮಾತೂ ಆಡಿರಲಿಲ್ಲ. ಅವನು ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದು, ಆಮೇಲೆ ನಿಂತ.

"ಸರ್, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಾಲರ್ ಹಿಡಿದಿದ್ದಕ್ಕೆ ನನಗೆ ನಾಚಿಕೆ ಆಗತ್ತೆ. ಆದ್ರೆ ಮತ್ತೆ ನನ್ ಮಗಳು ಯಾರನ್ನಾದ್ರೂ ನೋಡಿ ಹಾಗೆ ಕೂಗಿದ್ರೆ, ಅದು ನೀವೇ ಆಗಿದ್ರೂ, ನಾನು ಮತ್ತೆ ಹಾಗೇ ಮಾಡ್ತೀನಿ."

ಮೇಷ್ಟ್ರು ಕಂಬಿ ಹಿಡಿದುಕೊಂಡರು. "ಮಾಡ್ಬೇಕು," ಎಂದರು. "ಮಾಡ್ಲೇಬೇಕು. ನನಗೂ ಮಗಳಿದ್ದಾಳೆ."

ಅವನು ತಲೆಯಾಡಿಸಿ ಹೊರಟುಹೋದ. ಮೇಷ್ಟ್ರು ಮೇಲೆ ಬಂದರು. ಹೊಸದಾಗಿ ಸೇರಿದ ಮಗುವೊಂದು ಮೇಜಿನ ಕೆಳಗೆ ಹೋಗಿ ಕೂತಿತ್ತು, ಯಾರು ಕರೆದರೂ ಹೊರಗೆ ಬರುತ್ತಿರಲಿಲ್ಲ. ಮುಖವನ್ನು ಮಂಡಿಗಳ ನಡುವೆ ಹುದುಗಿಸಿಕೊಂಡಿತ್ತು. ಮೇಷ್ಟ್ರ ಅಂಗೈ ಬೆವರತೊಡಗಿತು. ಅವರು ಅದನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಜಿನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಕೂತು, ಮಗುವಿನ ಮುಖ ಕಾಣುವಷ್ಟು ತಲೆ ಬಗ್ಗಿಸಿದರು.